ಗೋಡೆ ಮುಂದೆ ಯಾರಾದ್ರೂ ನಿಲ್ತಾರಾ? ಪ್ರಾಜೆಕ್ಟ್ ಹುಡುಕ್ತಿರೋರಿಗೆ ನಾಲ್ಕು ಐಡಿಯಾ

ಏಳನೇ ಸೆಮ್ ಶುರುವಾಗಿ ಎರಡು ವಾರ ಆಗೋದ್ರೊಳಗೆ ಕ್ಯಾಂಟೀನಲ್ಲಿ ಒಂದೇ ಮಾತು: "ಪ್ರಾಜೆಕ್ಟ್ ಏನ್ ತಗೊಂಡ್ರಿ?" ಪ್ರತಿ ವರ್ಷದ ಪಟ್ಟಿಯಲ್ಲೂ ಒಂದು "ಸ್ಮಾರ್ಟ್ ನೋಟಿಸ್ ಬೋರ್ಡ್" ಇದ್ದೇ ಇರುತ್ತೆ. ನಮ್ಮ ಬ್ಯಾಚಿನಲ್ಲಿ ಅದನ್ನು ತಗೊಂಡವರು ನಾವು ನಾಲ್ಕು ಜನ.

ದೊಡ್ಡ ಟಿವಿ, ಅದರ ಸುತ್ತ ಐಆರ್ ಟಚ್ ಫ್ರೇಮ್, ಹಿಂದೆ ಒಂದು ರಾಸ್ಪ್‌ಬೆರಿ ಪೈ. ಟೈಮ್ ಟೇಬಲ್, ಸರ್ಕ್ಯುಲರ್, ಪ್ಲೇಸ್‌ಮೆಂಟ್ ಸುದ್ದಿ, ಕ್ಯಾಂಪಸ್ ಮ್ಯಾಪ್ ಎಲ್ಲ ಹಾಕಿದ್ವಿ. ಡಿಪಾರ್ಟ್‌ಮೆಂಟ್ ಕಾರಿಡಾರ್‌ನಲ್ಲಿ ಕ್ಲಾಂಪ್ ಹೊಡೆದು ಕೂರಿಸಿದ್ವಿ. ಮೊದಲ ದಿನ ಸ್ನೇಹಿತರು ಬಂದು ಮುಟ್ಟಿದರು, ಸೆಲ್ಫಿ ತಗೊಂಡರು. ಎರಡನೇ ದಿನದಿಂದ ಯಾರೂ ಇಲ್ಲ. ಟೈಮ್ ಟೇಬಲ್ ಎಲ್ಲರ ವಾಟ್ಸಾಪ್‌ನಲ್ಲೂ ಇತ್ತು, ಅದಕ್ಕೋಸ್ಕರ ಗೋಡೆ ಹತ್ತಿರ ಯಾಕೆ ಬರ್ತಾರೆ? ಒಂದು ಸಂಜೆ ನೆಲ ಒರೆಸುವ ಅಕ್ಕ ಕೆಲಸ ನಿಲ್ಲಿಸಿ ಪರದೆಯನ್ನ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇದ್ರಲ್ಲಿ ಐದೂಕಾಲಿನ ಬಸ್ ಗೇಟ್ ಹತ್ರ ಬಂತೋ ಇಲ್ವೋ ಅಂತ ಗೊತ್ತಾಗುತ್ತಾ ಕಣಪ್ಪಾ?" "ಇಲ್ಲಕ್ಕಾ" ಅಂದ್ವಿ. ಅವರು ಬಕೆಟ್ ಎತ್ಕೊಂಡು ಹೋದರು.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೋಡ್ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. "ನಿಮ್ಮನ್ನು, ನಿಮ್ಮ ಫ್ರೆಂಡ್ಸನ್ನು ಬಿಟ್ಟು ಇದನ್ನ ಯಾರು ಬಳಸಿದ್ದಾರೆ?" ಅಂದರು. ಮಾರ್ಕ್ಸ್ ಬಂತು, ಉತ್ತರ ಮಾತ್ರ ನಮ್ಮ ಹತ್ರ ಇರಲಿಲ್ಲ. ಆಮೇಲೆ ಕೂತು ಓದಿದ್ದನ್ನು, ನಾವು ಮಾಡಬೇಕಿತ್ತು ಅನ್ನಿಸಿದ್ದನ್ನು ಇಲ್ಲಿ ಬರೀತಿದೀನಿ. ಸಿನಾಪ್ಸಿಸ್ ಕೊಡೋಕೆ ಮುಂಚೆ ಓದಿದರೆ ಹೆಚ್ಚು ಉಪಯೋಗ.

ಮೊದಲು ಕಣ್ಣು, ಆಮೇಲೆ ಕೈ

ಸಾರ್ವಜನಿಕ ಜಾಗದ ಪರದೆಗಳ ಬಗ್ಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೀತಿದೆ. ನಮಗೆ ಆಗಿದ್ದಕ್ಕೆ ಅದರಲ್ಲಿ ಹೆಸರೇ ಇದೆ: ಡಿಸ್‌ಪ್ಲೇ ಬ್ಲೈಂಡ್‌ನೆಸ್. ಜರ್ಮನಿಯ ಯೋರ್ಗ್ ಮುಲ್ಲರ್ ಮತ್ತು ಸಂಗಡಿಗರು 2009ರಲ್ಲಿ ಇದರ ಬಗ್ಗೆ ಬರೆದರು. ವೆಬ್‌ಸೈಟಿನ ಜಾಹೀರಾತನ್ನು ನಮ್ಮ ಕಣ್ಣು ಹೇಗೆ ದಾಟಿ ಹೋಗುತ್ತೋ, ಹಾಗೇ ಗೋಡೆಯ ಪರದೆಯನ್ನೂ "ನನಗೆ ಬೇಕಾದ್ದು ಇದರಲ್ಲಿ ಏನೂ ಇರಲ್ಲ" ಅಂತ ಮೊದಲೇ ತೀರ್ಮಾನಿಸಿ ದಾಟುತ್ತೆ. ನೋಡಿದರೂ ಒಂದೆರಡು ಸೆಕೆಂಡ್, ಅಷ್ಟೇ. ಅದೂ ಪರದೆ ಕಣ್ಣಿನ ಮಟ್ಟದಲ್ಲಿದ್ದರೆ. ನಮ್ಮ ಕಡೆ ಎಲ್ಲ ಟಿವಿಗಳನ್ನೂ ಯಾರ ಕೈಗೂ ಸಿಗದ ಹಾಗೆ ಛಾವಣಿ ಹತ್ತಿರ ನೇತುಹಾಕ್ತಾರೆ, ಆಮೇಲೆ ಯಾರೂ ನೋಡಲ್ಲ ಅಂತ ಬೇಜಾರು ಮಾಡ್ಕೊಳ್ತಾರೆ.

ನೋಡಿದವರೆಲ್ಲ ಮುಟ್ಟಲ್ಲ, ಅದು ಇನ್ನೊಂದು ಸಮಸ್ಯೆ. ಹ್ಯಾರಿ ಬ್ರಿಗ್ನಲ್ ಮತ್ತು ಇವಾನ್ ರಾಜರ್ಸ್ 2003ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಪಾರ್ಟಿಯೊಂದರಲ್ಲಿ ದೊಡ್ಡ ಪರದೆ ಇಟ್ಟು, ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಯಾರು ಬೇಕಾದರೂ ಅಭಿಪ್ರಾಯ ಟೈಪ್ ಮಾಡಬಹುದು, ಅದು ಎಲ್ಲರಿಗೂ ಕಾಣುತ್ತೆ ಅನ್ನೋ ವ್ಯವಸ್ಥೆ. ಜನರನ್ನು ತಡೆದಿದ್ದು ತಂತ್ರಜ್ಞಾನ ಅಲ್ಲ, ಸಂಕೋಚ. ಎಲ್ಲರ ಮುಂದೆ ತಪ್ಪು ಮಾಡಿ ನಗೆಪಾಟಲಾದರೆ ಅನ್ನೋ ಭಯ. ಆದರೆ ಒಬ್ಬರು ನಿಂತು ಬಳಸೋಕೆ ಶುರು ಮಾಡಿದ ಕೂಡಲೇ ಸುತ್ತ ಜನ ಸೇರ್ತಿದ್ದರು. ಇದನ್ನು ಅವರು ಹನಿಪಾಟ್ ಎಫೆಕ್ಟ್ ಅಂದರು. ಬೆಲ್ಲಕ್ಕೆ ಇರುವೆ ಮುತ್ತೋದು ಅಂದ್ಕೊಳ್ಳಿ. ಅಂದ್ರೆ ನಿಮ್ಮ ಡಿಸೈನ್ ಗಮನ ಕೊಡಬೇಕಾಗಿರೋದು ಮೊದಲನೇ ವ್ಯಕ್ತಿಗೆ. ಅವರ ಸಂಕೋಚ ಬಿಡಿಸಿದರೆ ಉಳಿದವರು ತಾವೇ ಬರ್ತಾರೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾದದ್ದು. 2012ರಲ್ಲಿ ಮುಲ್ಲರ್ ತಂಡ ಬರ್ಲಿನ್‌ನ ಒಂದು ಅಂಗಡಿಯ ಕಿಟಕಿಯಲ್ಲಿ ಪರದೆಗಳನ್ನಿಟ್ಟು ಗಮನಿಸಿತು. ದಾರಿಯಲ್ಲಿ ಹೋಗೋರಿಗೆ ತಮ್ಮದೇ ಬಿಂಬ ಅಥವಾ ನೆರಳು ಪರದೆಯಲ್ಲಿ ಅಲುಗಾಡಿದರೆ "ಓ, ಇದು ನನಗೆ ಉತ್ತರ ಕೊಡ್ತಿದೆ" ಅಂತ ಬೇಗ ಗೊತ್ತಾಗುತ್ತೆ. ಕಾರ್ಟೂನ್ ಗೊಂಬೆ ಅಲುಗಾಡಿದರೆ ಅಷ್ಟು ಬೇಗ ಗೊತ್ತಾಗಲ್ಲ. ಗೊತ್ತಾಗುವ ಹೊತ್ತಿಗೆ ತುಂಬಾ ಜನ ಪರದೆಯನ್ನು ದಾಟಿ ಹೋಗಿರ್ತಿದ್ದರು, ತಿರುಗಿ ವಾಪಸ್ ಬರಬೇಕಿತ್ತು. ಹಾಗಾಗಿ ಕಾರಿಡಾರ್‌ನ ಕೊನೆಯಲ್ಲಿ, ಬಾಗಿಲ ಪಕ್ಕದಲ್ಲಿ ಪರದೆ ಇಟ್ಟರೆ ಕೆಟ್ಟಿರಿ. ದಾಟಿದ ಮೇಲೂ ನಾಲ್ಕು ಹೆಜ್ಜೆ ಅದೇ ಗೋಡೆ ಇರಬೇಕು.

ಇನ್ನು ಐಡಿಯಾಗಳು.

ನೆರಳಿನ ಮೇಲೆ ಅಕ್ಷರದ ಮಳೆ

1999ರಲ್ಲಿ ಕಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿತುವ್ "ಟೆಕ್ಸ್ಟ್ ರೈನ್" ಅನ್ನೋ ಕಲಾಕೃತಿ ಮಾಡಿದರು. ಪರದೆಯ ಮೇಲಿಂದ ಅಕ್ಷರಗಳು ಮಳೆಯಂತೆ ಬೀಳ್ತವೆ, ನಿಮ್ಮ ಬಿಂಬದ ತಲೆ, ಭುಜ, ಚಾಚಿದ ಕೈ ಮೇಲೆ ಬಂದು ಕೂರ್ತವೆ. ಇದನ್ನು ಕನ್ನಡದಲ್ಲಿ ಮಾಡಿ. ಪ್ರೊಜೆಕ್ಟರ್, ವೆಬ್‌ಕ್ಯಾಮ್, ಒಂದು ಹಳೇ ಲ್ಯಾಪ್‌ಟಾಪ್ ಸಾಕು. ಯಾರೂ ಏನನ್ನೂ ಮುಟ್ಟಬೇಕಿಲ್ಲ, ಸುಮ್ಮನೆ ನಡೆದು ಹೋದರೂ ಗೋಡೆ ಉತ್ತರಿಸುತ್ತೆ. ಮೊದಲನೇ ವ್ಯಕ್ತಿಯ ಸಂಕೋಚ ಅಲ್ಲೇ ಅರ್ಧ ಕಮ್ಮಿ.

ಓಪನ್‌ಸಿವಿಯ ಬ್ಯಾಕ್‌ಗ್ರೌಂಡ್ ಸಬ್‌ಟ್ರ್ಯಾಕ್ಷನ್‌ನಿಂದ ಮನುಷ್ಯರ ಆಕಾರ ಬೇರೆ ಮಾಡಬಹುದು. ಆದರೆ ಅದರಲ್ಲೊಂದು ತೊಡಕಿದೆ. ಅಲುಗಾಡದೆ ನಿಂತವರನ್ನು ಸ್ವಲ್ಪ ಹೊತ್ತಿನ ಮೇಲೆ ಅದು ಗೋಡೆಯ ಭಾಗ ಅಂತ ಕಲಿತುಬಿಡುತ್ತೆ, ನೆರಳು ಕರಗಿಹೋಗುತ್ತೆ. ನಿಂತು ನೋಡುವವರೇ ನಮಗೆ ಬೇಕಾದವರು, ಅವರೇ ಮಾಯವಾದರೆ ಹೇಗೆ? ಅದಕ್ಕೆ ಮೀಡಿಯಾಪೈಪ್‌ನ ಸೆಗ್ಮೆಂಟೇಶನ್ ಮಾಡೆಲ್ ಉತ್ತಮ, ಅದು ಮನುಷ್ಯರನ್ನು ಮನುಷ್ಯರು ಅಂತಲೇ ಗುರುತಿಸುತ್ತೆ. ಕ್ಯಾಮೆರಾ ಪರದೆಯ ಪಕ್ಕದಲ್ಲಿದ್ದು ಜನರ ಕಡೆ ತಿರುಗಿರಲಿ. ಗೋಡೆ ಕಡೆ ತಿರುಗಿಸಿದರೆ ಪ್ರೊಜೆಕ್ಟರ್‌ನ ಚಿತ್ರವನ್ನೇ ಅದು ಮತ್ತೆ ಹಿಡಿದು ಗೊಂದಲ ಮಾಡ್ಕೊಳ್ಳುತ್ತೆ. ಕೈ ಎತ್ತಿದ್ದಕ್ಕೂ ನೆರಳು ಕೈ ಎತ್ತಿದ್ದಕ್ಕೂ ನಡುವಿನ ವಿಳಂಬ ಸೆಕೆಂಡಿನ ಹತ್ತನೇ ಒಂದು ಭಾಗ ಮೀರಿದರೆ ಅದು "ನನ್ನ ನೆರಳು" ಅನ್ನಿಸಲ್ಲ. ರೆಸಲ್ಯೂಶನ್ ಕಮ್ಮಿ ಮಾಡಿಯಾದರೂ ಸರಿ, ವೇಗ ಉಳಿಸಿಕೊಳ್ಳಿ.

ಕನ್ನಡದ ಸ್ವಾರಸ್ಯ ಬರೋದು ಇಲ್ಲಿ. ಇಂಗ್ಲಿಷ್‌ನಲ್ಲಿ ಒಂದು ಕ್ಯಾರೆಕ್ಟರ್ ಅಂದ್ರೆ ಒಂದು ಅಕ್ಷರ. ಪೈಥಾನ್‌ನಲ್ಲಿ "ಸ್ತ್ರೀ" ಅಂತ ಬರೆದು ಉದ್ದ ಕೇಳಿ ನೋಡಿ, 6 ಅನ್ನುತ್ತೆ. ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ. ಇದನ್ನು ಗಮನಿಸದೆ ಪದ ಒಡೆದರೆ ಗೋಡೆಯಿಂದ ಬರೀ ಗುಣಿತದ ಕೊಂಬು, ಕೊಂಡಿಗಳು ಉದುರುತ್ತವೆ. ವಿರಾಮ ಸಿಕ್ಕರೆ ಮುಂದಿನ ವ್ಯಂಜನವನ್ನೂ ಸೇರಿಸ್ಕೋ, ಸ್ವರ ಚಿಹ್ನೆ ಅಥವಾ ಅನುಸ್ವಾರ ಸಿಕ್ಕರೆ ಹಿಂದಿನದಕ್ಕೆ ಅಂಟಿಸು, ಇಷ್ಟು ನಿಯಮ ಹತ್ತಿಪ್ಪತ್ತು ಸಾಲಿನ ಕೋಡ್‌ನಲ್ಲಿ ಆಗುತ್ತೆ. ಬೇಕಾದರೆ ಇದನ್ನೇ ಆಟ ಮಾಡಬಹುದು. ಬಲಗೈಯಲ್ಲಿ ಕ, ಎಡಗೈಯಲ್ಲಿ ಷ ಹಿಡಿದು ಎರಡೂ ಕೈ ಸೇರಿಸಿದರೆ ಕ್ಷ. ಒತ್ತಕ್ಷರ ಕಲೀತಿರೋ ಹೊರರಾಜ್ಯದ ಸ್ನೇಹಿತರನ್ನ ನಿಲ್ಲಿಸಿ ನೋಡಿ.

ಅಕ್ಕನ ಬಸ್ ಬೋರ್ಡ್

ನಾನು ಮತ್ತೆ ಪ್ರಾಜೆಕ್ಟ್ ಮಾಡೋದಾದರೆ ಇದನ್ನೇ ಮಾಡ್ತೀನಿ. ಎರಡು ತುದಿ ಇರೋ ಗೋಡೆ. ಒಂದು ತುದಿ ಗೇಟ್ ಹತ್ತಿರ: ಒಂದು ದೊಡ್ಡ ಬಟನ್, "ಬಸ್ ಬಂತು" ಅಂತ ಬರೆದಿದ್ದು, ಒಳಗೆ ಇಎಸ್‌ಪಿ32. ಇನ್ನೊಂದು ತುದಿ ಕಾರಿಡಾರ್‌ನಲ್ಲಿ: ಒಂದು ಎಲ್‌ಇಡಿ ಬೋರ್ಡ್. ಬಸ್ ಕಂಡವರು ಬಟನ್ ಒತ್ತಿದರೆ ಒಳಗೆ ಕೆಲಸ ಮಾಡ್ತಿರೋರಿಗೆ, ಲ್ಯಾಬ್‌ನಿಂದ ಹೊರಡೋರಿಗೆ ಕಾಣುತ್ತೆ. ಜಿಪಿಎಸ್ ಬೇಡ, ಆ್ಯಪ್ ಬೇಡ, ಯಾರ ಅನುಮತಿಯ ಎಪಿಐಯೂ ಬೇಡ. ಕಾಲೇಜ್ ವೈಫೈ ಗೇಟ್‌ವರೆಗೆ ಬರದಿದ್ದರೆ ಇಎಸ್‌ಪಿ-ನೌ ಬಳಸಿ ಎರಡು ಬೋರ್ಡ್‌ಗಳು ರೌಟರ್ ಇಲ್ಲದೆ ನೇರ ಮಾತಾಡಬಹುದು. ನಡುವೆ ಕಟ್ಟಡ ಅಡ್ಡ ಇದ್ದರೆ ಮೂರನೇ ಬೋರ್ಡನ್ನು ಮೆಟ್ಟಿಲ ಕಿಟಕಿಯಲ್ಲಿಡಿ, ಅದು ಸಂದೇಶ ದಾಟಿಸಲಿ.

ಸುಳ್ಳೇ ಒತ್ತೋರು ಇರಲ್ವಾ? ಇರ್ತಾರೆ. ಅದಕ್ಕೆ ಸಂದೇಶ ಮೂರ್ನಾಲ್ಕು ನಿಮಿಷಕ್ಕೆ ತಾನೇ ಅಳಿಯಲಿ, ಬಸ್ ಬರುವ ಸಮಯದ ಆಸುಪಾಸಿನಲ್ಲಿ ಮಾತ್ರ ಬಟನ್ ಕೆಲಸ ಮಾಡಲಿ. ಒತ್ತಿದವರಿಗೆ ಏನು ಲಾಭ ಅನ್ನೋದನ್ನೂ ಯೋಚಿಸಿ. ಬಟನ್ ಪಕ್ಕದಲ್ಲೊಂದು ಸಣ್ಣ ಡಿಸ್‌ಪ್ಲೇಯಲ್ಲಿ "ಒಳಗಿನವರಿಗೆ ತಿಳಿಸಿದಿರಿ" ಅಂತ ಬಂದರೂ ಸಾಕು. ಒತ್ತಿದ್ದು ಎಲ್ಲೋ ತಲುಪಿತು ಅನ್ನೋ ಖಾತ್ರಿ ಇಲ್ಲದಿದ್ದರೆ ಎರಡನೇ ಸಲ ಯಾರೂ ಒತ್ತಲ್ಲ.

ಈಗ ಎಲ್‌ಇಡಿ ಬೋರ್ಡ್. ಮೆಡಿಕಲ್ ಶಾಪ್, ಬೇಕರಿ ಮುಂದೆ ಓಡೋ ಕೆಂಪು ಅಕ್ಷರಗಳ ಬೋರ್ಡ್ ಇದೆಯಲ್ಲ, ಅದರೊಳಗೆ ಸಾಮಾನ್ಯವಾಗಿ ಇರೋದು ಪಿ10 ಪ್ಯಾನೆಲ್. ಚುಕ್ಕೆಯಿಂದ ಚುಕ್ಕೆಗೆ 10 ಮಿಲಿಮೀಟರ್, ಒಂದು ಪ್ಯಾನೆಲ್‌ನಲ್ಲಿ 32×16 ಚುಕ್ಕೆ. ಇಂಗ್ಲಿಷ್ ದೊಡ್ಡಕ್ಷರ 5×7 ಚುಕ್ಕೆಯಲ್ಲಿ ಕೂರುತ್ತೆ, ಹಾಗಾಗಿ 16 ಸಾಲಿನಲ್ಲಿ ಎರಡು ವಾಕ್ಯ ಹಾಕಬಹುದು. ಕನ್ನಡಕ್ಕೆ ಮೂರು ಮಹಡಿ ಬೇಕು: ಮೇಲೆ ತಲೆಕಟ್ಟು ಮತ್ತು ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು. 16ನ್ನು ಮೂರರಿಂದ ಭಾಗಿಸಿದರೆ ಒಂದೊಂದಕ್ಕೆ ಐದೇ ಸಾಲು. ಪ ಮತ್ತು ಫ, ದ ಮತ್ತು ಧ ನಡುವೆ ಇರೋದೇ ಕೆಳಗಿನ ಒಂದು ಸಣ್ಣ ಗೀಟು. ಐದು ಸಾಲಿನಲ್ಲಿ ಅದು ಎಲ್ಲಿಂದ ಕಾಣಬೇಕು? ಎರಡು ಪ್ಯಾನೆಲ್ ಒಂದರ ಕೆಳಗೆ ಒಂದು ಜೋಡಿಸಿ 32 ಸಾಲು ಮಾಡಿ. ಅಗಲಕ್ಕೆ ಮೂರು, ಎತ್ತರಕ್ಕೆ ಎರಡು, ಒಟ್ಟು ಆರು ಪ್ಯಾನೆಲ್‌ನ 96×32 ಬೋರ್ಡ್ ಕಾರಿಡಾರ್‌ನ ಆ ತುದಿಯಿಂದಲೂ ಓದೋಕೆ ಬರುತ್ತೆ.

ಆರ್ಡುಯಿನೋ ಲೈಬ್ರರಿಗಳು ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರವನ್ನು ಪಟ್ಟಿ ಮಾಡಿಟ್ಟುಕೊಳ್ತವೆ. ಇಂಗ್ಲಿಷ್‌ಗೆ ಅಂಕಿ, ಚಿಹ್ನೆ ಎಲ್ಲ ಸೇರಿ 95 ಚಿತ್ರ ಸಾಕು. ಕನ್ನಡದ 34 ವ್ಯಂಜನಕ್ಕೆ 13 ಗುಣಿತ ಅಂದ್ರೇನೇ 442, ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆ ದಾರಿ ಹಿಡೀಬೇಡಿ. ಇಡೀ ವಾಕ್ಯವನ್ನೇ ಪೈನಲ್ಲಿ ಚಿತ್ರ ಮಾಡಿ, ಕಪ್ಪು-ಬಿಳುಪಿಗೆ ಇಳಿಸಿ, ಆ ಚಿತ್ರವನ್ನು ಕಳಿಸಿ. 96×32 ಅಂದ್ರೆ 3072 ಬಿಟ್, ಬರೀ 384 ಬೈಟ್. ಪೈಥಾನ್‌ನ ಪಿಲ್ಲೋ ಬಳಸೋದಾದರೆ ಅದರ ಜೊತೆ ರಾಖ್ಮ್ ಲೈಬ್ರರಿ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಇಲ್ಲದಿದ್ದರೆ ಒತ್ತುಗಳು ಕೆಳಗೆ ಹೋಗದೆ ಪಕ್ಕದಲ್ಲೇ ಸಾಲಾಗಿ ನಿಲ್ತವೆ. ಫ್ಲೆಕ್ಸ್ ಬೋರ್ಡ್‌ಗಳಲ್ಲಿ ಒಡೆದ ಕನ್ನಡ ನೋಡಿ ನಗ್ತೀವಲ್ಲ, ಅದೇ ಕಥೆ. ತೆಳುವಾದ ಫಾಂಟ್ ಚುಕ್ಕೆಗೆ ಇಳಿಸಿದಾಗ ಅಲ್ಲಲ್ಲಿ ತುಂಡಾಗುತ್ತೆ, ದಪ್ಪನೆಯದನ್ನೇ ಆರಿಸಿ, ಆಮೇಲೂ ಪ್ರತಿ ವಾಕ್ಯವನ್ನು ಕಣ್ಣಲ್ಲಿ ಪರೀಕ್ಷಿಸಿ. ಇದೊಂದೇ ಭಾಗ ನಿಮ್ಮ ರಿಪೋರ್ಟ್‌ನಲ್ಲಿ ಒಂದು ಒಳ್ಳೇ ಅಧ್ಯಾಯ ಆಗುತ್ತೆ.

ಕಿಟಕಿಗಳ ಗೋಡೆ

2001ರ ಸೆಪ್ಟೆಂಬರ್‌ನಿಂದ 2002ರ ಫೆಬ್ರವರಿವರೆಗೆ ಬರ್ಲಿನ್‌ನ ಅಲೆಕ್ಸಾಂಡರ್ ಚೌಕದಲ್ಲಿ ಒಂದು ಕಟ್ಟಡ ರಾತ್ರಿ ಆಟ ಆಡ್ತಿತ್ತು. ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಹೌಸ್ ಡೆಸ್ ಲೇರರ್ಸ್ ಕಟ್ಟಡದ ಮೇಲಿನ ಎಂಟು ಮಹಡಿಗಳಲ್ಲಿ, ಸಾಲಿಗೆ 18ರಂತೆ 144 ಕಿಟಕಿಗಳ ಹಿಂದೆ ಒಂದೊಂದು ದೀಪ ಇಟ್ಟರು. ಹೆಸರು ಬ್ಲಿಂಕೆನ್‌ಲೈಟ್ಸ್. ಕೆಳಗೆ ನಿಂತವರು ಮೊಬೈಲ್‌ನಿಂದ ಕರೆ ಮಾಡಿ, ಕೀಪ್ಯಾಡ್ ಒತ್ತಿ ಕಟ್ಟಡದ ಮೇಲೆ ಪಾಂಗ್ ಆಡಬಹುದಿತ್ತು. ಜನ ತಾವೇ ಮಾಡಿದ ಅನಿಮೇಶನ್ ಕಳಿಸಬಹುದಿತ್ತು, ಪ್ರೇಮಪತ್ರವನ್ನೂ ಓಡಿಸಬಹುದಿತ್ತು. ಎಂಐಟಿಯ ವಿದ್ಯಾರ್ಥಿಗಳು 2012ರಲ್ಲಿ ಅವರ ಗ್ರೀನ್ ಬಿಲ್ಡಿಂಗ್‌ನ 153 ಕಿಟಕಿಗಳ ಮೇಲೆ ಟೆಟ್ರಿಸ್ ಆಡಿಸಿದರು.

ಹಾಸ್ಟೆಲ್ ಕಟ್ಟಡಕ್ಕೆ ಹೀಗೆ ಮಾಡೋಣ ಅಂತ ನಿಮಗೂ ಆಸೆ ಬಂದಿರುತ್ತೆ. ಮೊದಲು ರಟ್ಟಿನ ಡಬ್ಬಗಳಲ್ಲಿ ಮಾಡಿ. 18×8 ಖಾನೆ, ಮುಂದೆ ಬಟರ್ ಪೇಪರ್, ಒಂದೊಂದರಲ್ಲಿ ಒಂದು ಡಬ್ಲ್ಯುಎಸ್2812ಬಿ ಎಲ್‌ಇಡಿ. ಒಂದು ಎಲ್‌ಇಡಿ ಪೂರ್ತಿ ಬಿಳಿ ಉರಿದರೆ ಸುಮಾರು 60 ಮಿಲಿಆಂಪ್, 144ಕ್ಕೆ 8.64 ಆಂಪ್, 5 ವೋಲ್ಟ್‌ನಲ್ಲಿ 43 ವ್ಯಾಟ್ ಚಿಲ್ಲರೆ. ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸೋ ವಿಷಯ ಅಲ್ಲ, 10 ಆಂಪ್‌ನ ಎಸ್‌ಎಂಪಿಎಸ್ ತಗೊಳ್ಳಿ, ಫ್ಯೂಸ್ ಹಾಕಿ. ಪವರನ್ನು ಒಂದೇ ತುದಿಯಿಂದ ಕೊಟ್ಟರೆ ಕೊನೆಯ ಎಲ್‌ಇಡಿಗಳು ಕೆಂಪಗಾಗುತ್ತವೆ, ಎರಡು ಮೂರು ಕಡೆಯಿಂದ ಕೊಡಿ. ಇಎಸ್‌ಪಿ32 ಕೊಡೋದು 3.3 ವೋಲ್ಟ್ ಸಿಗ್ನಲ್, ನಡುವೆ ಲೆವೆಲ್ ಶಿಫ್ಟರ್ ಇಲ್ಲದಿದ್ದರೆ ಮನೆಯಲ್ಲಿ ಓಡಿದ್ದು ಡೆಮೊ ದಿನ ಮಿಣುಕುತ್ತೆ. ಫೋನ್‌ನಿಂದ ಆಡೋಕೆ ಕ್ಯೂಆರ್ ಕೋಡ್ ಇಟ್ಟು ಬ್ರೌಸರ್‌ನಲ್ಲೇ ನಾಲ್ಕು ಬಟನ್ ತೋರಿಸಿ. ಆ್ಯಪ್ ಇನ್‌ಸ್ಟಾಲ್ ಮಾಡಿ ಅಂದ್ರೆ ಅರ್ಧ ಜನ ಅಲ್ಲೇ ಹೋದರು.

ಜನ ಬರೆದಿದ್ದನ್ನೆಲ್ಲ ತೋರಿಸೋ ಗೋಡೆ ಮಾಡೋರಿಗೆ ಒಂದು ಮಾತು. ಮೊದಲ ಹತ್ತು ನಿಮಿಷದಲ್ಲಿ ಯಾರದೋ ಹೆಸರಿಟ್ಟು ಕೆಟ್ಟದಾಗಿ ಬರೀತಾರೆ, ಆ ಹೆಸರಿನ ಹುಡುಗಿ ಮಾರನೇ ದಿನ ಅದೇ ಕಾರಿಡಾರ್‌ನಲ್ಲಿ ನಡೀಬೇಕು. ಬೈಗುಳ ಹಿಡಿಯೋ ಫಿಲ್ಟರ್ ನಂಬಬೇಡಿ, ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ನೂರು ಥರ ಬರೀಬಹುದು. ಒಂದೋ ಕೊಟ್ಟಿರೋ ಪದಗಳಿಂದ ಆರಿಸೋ ಹಾಗೆ ಮಾಡಿ, ಇಲ್ಲಾಂದ್ರೆ ಒಬ್ಬರು ನೋಡಿ ಬಿಟ್ಟ ಮೇಲೆ ಮಾತ್ರ ಗೋಡೆಗೆ ಹೋಗಲಿ.

ಚಾಕ್‌ಪೀಸ್

ನಾಲ್ಕನೆಯದಕ್ಕೆ ಕರೆಂಟೇ ಬೇಡ. 2011ರಲ್ಲಿ ಕ್ಯಾಂಡಿ ಚಾಂಗ್ ಅನ್ನೋ ಕಲಾವಿದೆ ನ್ಯೂ ಆರ್ಲಿಯನ್ಸ್‌ನ ಒಂದು ಪಾಳುಮನೆಯ ಗೋಡೆಗೆ ಕಪ್ಪು ಬಣ್ಣ ಬಳಿದು, "ಸಾಯುವ ಮುಂಚೆ ನಾನು..." ಅನ್ನೋ ಅರ್ಧ ವಾಕ್ಯವನ್ನು ಸಾಲು ಸಾಲಾಗಿ ಬರೆದು, ಪಕ್ಕದಲ್ಲಿ ಚಾಕ್ ಇಟ್ಟರು. ದಾರಿಹೋಕರು ಬಂದು ಖಾಲಿ ಜಾಗ ತುಂಬಿಸಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅಂಥ ಗೋಡೆಗಳಾದವು. ನಿಮ್ಮ ಪರದೆಗೆ ಯಾವ ಪ್ರಶ್ನೆ ಹಾಕಿದರೆ ಜನ ನಿಲ್ತಾರೆ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಅಗ್ಗದ ಪ್ರೊಟೊಟೈಪ್ ಇಲ್ಲ. ಒಂದು ವಾರ ಬೋರ್ಡ್ ಇಟ್ಟು, ದಿನಕ್ಕೊಂದು ಪ್ರಶ್ನೆ ಬರೆದು ನೋಡಿ. ಚಾಕ್‌ನಲ್ಲಿ ಯಾರೂ ಬರೆಯದ ಪ್ರಶ್ನೆಗೆ ಟಚ್‌ಸ್ಕ್ರೀನ್‌ನಲ್ಲೂ ಯಾರೂ ಬರೆಯಲ್ಲ.

ಎಣಿಸಿ, ಮತ್ತೆ ಕರೆಂಟ್ ಹೋಗೋದನ್ನ ನೆನಪಿಡಿ

ಎಕ್ಸ್‌ಟರ್ನಲ್ ಕೇಳೋ ಪ್ರಶ್ನೆಗೆ ಉತ್ತರ ಒಂದು ನೋಟ್‌ಬುಕ್‌ನಲ್ಲಿ ಸಿಗುತ್ತೆ. ಏನನ್ನಾದರೂ ಕೊಳ್ಳೋ ಮುಂಚೆ ಆ ಜಾಗದಲ್ಲಿ ಒಂದು ಗಂಟೆ ಕೂತು ನಾಲ್ಕು ಕಾಲಂ ಹಾಕಿ: ದಾಟಿದವರು, ತಿರುಗಿ ನೋಡಿದವರು, ನಿಂತವರು, ಮುಟ್ಟಿದವರು. ಖಾಲಿ ಗೋಡೆಗೆ ಒಮ್ಮೆ, ಸುಮ್ಮನೆ ಚಿತ್ರ ತೋರಿಸೋ ಪರದೆಗೆ ಒಮ್ಮೆ, ನಿಮ್ಮ ಪ್ರಾಜೆಕ್ಟ್‌ಗೆ ಒಮ್ಮೆ. ವಾರದ ಅದೇ ದಿನ, ಅದೇ ಹೊತ್ತು, ನಿಮ್ಮ ಕ್ಲಾಸಿನವರನ್ನು ಬಿಟ್ಟು. ಎಲ್ಲಿ ಜನ ಸೋರಿಹೋಗ್ತಿದ್ದಾರೆ ಅಂತ ಆ ಕಾಲಂಗಳೇ ಹೇಳ್ತವೆ. ನೋಡೋರು ಇದ್ದಾರೆ, ನಿಲ್ಲೋರಿಲ್ಲ ಅಂದ್ರೆ ವಿಷಯದ ತಪ್ಪು. ನಿಲ್ತಾರೆ, ಮುಟ್ಟಲ್ಲ ಅಂದ್ರೆ ಸಂಕೋಚ, ಇಲ್ಲವೇ ಮುಟ್ಟಬಹುದು ಅಂತಲೇ ಗೊತ್ತಾಗಿಲ್ಲ. ಹೆಲ್ಸಿಂಕಿಯ ಸಿಟಿವಾಲ್ ಅನ್ನೋ ಮಲ್ಟಿಟಚ್ ಗೋಡೆಯನ್ನು ಸಂಶೋಧಕರು ಎಂಟು ದಿನ ಹೀಗೇ ಗಮನಿಸಿದರು, 1199 ಜನ ಬಳಸಿದ್ದರು. ಒಬ್ಬರು ಫೋಟೋ ದೊಡ್ಡದು ಮಾಡಿದರೆ ಪಕ್ಕದವರದ್ದು ಮುಚ್ಚಿ ಹೋಗ್ತಿತ್ತು, ಜಗಳ ಅಲ್ಲದಿದ್ದರೂ ಕಿರಿಕಿರಿ. ಕೂತು ನೋಡದಿದ್ದರೆ ಇಂಥದ್ದು ಯಾವ ಲಾಗ್ ಫೈಲ್‌ನಲ್ಲೂ ಕಾಣಲ್ಲ.

ಎಣಿಸೋಕೆ ಅಂತ ವಿಡಿಯೋ ಮಾಡಬೇಡಿ. ಕ್ಯಾಮೆರಾ ಇರೋ ಪ್ರಾಜೆಕ್ಟ್ ಆದರೆ ಒಂದು ಫ್ರೇಮ್ ಕೂಡ ಡಿಸ್ಕ್‌ಗೆ ಹೋಗದಂತೆ ಬರೆಯಿರಿ, "ಇಲ್ಲಿ ಕ್ಯಾಮೆರಾ ಇದೆ, ಏನೂ ಉಳಿಸಿಕೊಳ್ಳಲ್ಲ" ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೋರ್ಡ್ ಹಾಕಿ. ಮುಟ್ಟುವ ಭಾಗ ನೆಲದಿಂದ ನಾಲ್ಕು ಅಡಿಯೊಳಗೆ ಇದ್ದರೆ ಗಾಲಿಕುರ್ಚಿಯಲ್ಲಿ ಬರೋರಿಗೂ ಸಿಗುತ್ತೆ.

ಕರೆಂಟ್ ಹೋಗಿ ಬಂದಾಗ ನಮ್ಮ ಗೋಡೆ ಡೆಸ್ಕ್‌ಟಾಪ್ ತೋರಿಸ್ಕೊಂಡು ನಿಲ್ತಿತ್ತು, ನಾವು ಓಡಿ ಬಂದು ಪ್ರೋಗ್ರಾಂ ಶುರು ಮಾಡಬೇಕಿತ್ತು. ಎರಡು ಸಲ ಎಸ್‌ಡಿ ಕಾರ್ಡೇ ಕೆಟ್ಟಿತು. ಪ್ರೋಗ್ರಾಂ ಬೂಟ್ ಜೊತೆಗೇ ಶುರುವಾಗೋ ಹಾಗೆ ಸಿಸ್ಟಂಡಿ ಸರ್ವಿಸ್ ಮಾಡಿ, ಪೈನ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ, ಕಾರ್ಡ್‌ಗೆ ಬರೆಯೋದೇ ನಿಲ್ಲುತ್ತೆ. ಪ್ಲಗ್ ಕಿತ್ತು ಹಾಕಿ ನೋಡಿ, ಇಪ್ಪತ್ತು ಸಲ.

ದುಡ್ಡಿನ ವಿಷಯ: ಕೆಎಸ್‌ಸಿಎಸ್‌ಟಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು, ಕೊನೇ ದಿನಾಂಕ ಗೈಡ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ನಮ್ಮ ಟಿವಿಯನ್ನು ಡಿಪಾರ್ಟ್‌ಮೆಂಟ್ ವಾಪಸ್ ತಗೊಂಡಿತು, ಈಗ ಸೆಮಿನಾರ್ ಹಾಲಿನಲ್ಲಿದೆ. ಕಾರಿಡಾರ್‌ನಲ್ಲಿ ಕ್ಲಾಂಪ್‌ಗಳು ಹಾಗೇ ಇವೆ, ಕೆಳಗೆ ಪ್ಲಗ್ ಪಾಯಿಂಟ್ ಕೂಡ ಇದೆ. ಎಚ್‌ಓಡಿಗೆ ಒಂದು ಲೆಟರ್ ಕೊಟ್ಟರೆ ಆ ಜಾಗ ಸಿಗುತ್ತೆ. ಸಂಜೆ ಐದರ ಹೊತ್ತಿಗೆ ಹೋದರೆ ಅಕ್ಕನೂ ಅಲ್ಲೇ ಇರ್ತಾರೆ, ಯಾವ ಬಸ್ ಅಂತ ಅವರನ್ನೇ ಕೇಳಿ ಬರ್ಕೊಳ್ಳಿ.